ಡಿಸ್ಕ್‌ಗೆ ಸ್ಟೆಮ್‌ಸೆಲ್: ಹಣ ಕಟ್ಟುವ ಮುನ್ನ

ಮಾನ್ಯರೇ,

ಸವೆದ ಬೆನ್ನಿನ ಡಿಸ್ಕ್ (ಬೆನ್ನೆಲುಬಿನ ಮೂಳೆಗಳ ನಡುವಿನ ಮೆತ್ತೆ) ಒಂದೇ ಸ್ಟೆಮ್‌ಸೆಲ್ (ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಆಕರಕೋಶ) ಇಂಜೆಕ್ಷನ್‌ಗೆ ಮತ್ತೆ ಬೆಳೆಯುತ್ತದೆ ಎನ್ನುವ ಜಾಹೀರಾತುಗಳಿಗೆ ಈಗಿರುವ ಸಂಶೋಧನೆಯ ಬೆಂಬಲವಿಲ್ಲ. ಮೆಸೊಬ್ಲಾಸ್ಟ್ ಕಂಪನಿ 404 ರೋಗಿಗಳ ಮೇಲೆ ನಡೆಸಿದ ಮೂರನೇ ಹಂತದ ಟ್ರಯಲ್‌ನ (ಚಿಕಿತ್ಸಾ ಪ್ರಯೋಗದ) ಫಲಿತಾಂಶ 2021ರಲ್ಲಿ ಹೊರಬಂತು. ಕೆಲವರಿಗೆ 60 ಲಕ್ಷ ಕೋಶಗಳು, ಹೋಲಿಕೆಗೆಂದು ಕೆಲವರಿಗೆ ಬರೀ ಸಲೈನ್ (ಉಪ್ಪುನೀರು). ನೋವು, ದಿನಬಳಕೆಯ ಚಟುವಟಿಕೆ ಎರಡನ್ನೂ ಸೇರಿಸಿ ಇಟ್ಟ ಮುಖ್ಯ ಗುರಿ ಈಡೇರಲಿಲ್ಲ. ನೋವು ಶುರುವಾಗಿ ಐದು ವರ್ಷ ದಾಟದವರಿಗೆ ಆರಾಮ ಹೆಚ್ಚು ಸಿಕ್ಕಿತು, ನಿಜ. ಆದರೆ ಉಪಗುಂಪಿನ ಲಾಭ ಸುಳಿವಷ್ಟೇ, ಪುರಾವೆಯಲ್ಲ.

ತೊಡಕು ಡಿಸ್ಕ್‌ನ ರಚನೆಯಲ್ಲೇ ಇದೆ. ಅದರ ತಿರುಳಿನಲ್ಲಿ ರಕ್ತನಾಳವಿಲ್ಲ. ಗ್ಲೂಕೋಸ್, ಆಮ್ಲಜನಕ ಮೇಲೆ-ಕೆಳಗಿನ ಎಂಡ್‌ಪ್ಲೇಟ್‌ಗಳ (ಡಿಸ್ಕ್ ಮತ್ತು ಮೂಳೆಯ ನಡುವಿನ ತೆಳು ಪದರಗಳ) ಮೂಲಕವೇ ಜಿನುಗಿ ಬರಬೇಕು. ಸವೆದ ಡಿಸ್ಕ್‌ನಲ್ಲಿ ಆ ಪೂರೈಕೆ ಕುಗ್ಗಿ ಆಮ್ಲೀಯತೆ ಏರಿರುತ್ತದೆ. ಅಲ್ಲಿಗೆ ಹೊಸ ಕೋಶ ಸುರಿಯುವುದೆಂದರೆ ಅಕ್ಕಿ ಮುಗಿದ ಮನೆಗೆ ನೆಂಟರನ್ನು ಕಳಿಸಿದಂತೆ. ಸೂಜಿಯೂ ನಿರಪಾಯಕಾರಿಯಲ್ಲ. ಡಿಸ್ಕೋಗ್ರಫಿಗೆ (ಡಿಸ್ಕ್‌ಗೆ ಬಣ್ಣದ್ರವ ಚುಚ್ಚಿ ಮಾಡುವ ಎಕ್ಸ್‌ರೇ ಪರೀಕ್ಷೆಗೆ) ಚುಚ್ಚಿಸಿಕೊಂಡವರಲ್ಲಿ ಹತ್ತು ವರ್ಷದ ಬಳಿಕ ಸವೆತ ಹೆಚ್ಚಿದ್ದನ್ನು ಸಂಶೋಧಕ ಕ್ಯಾರಗೀ ಅವರ ತಂಡ 2009ರಲ್ಲೇ ತೋರಿಸಿದೆ.

ಎಂಆರ್‌ಐ ನೋಡಿ ಗಾಬರಿಬೀಳುವುದೂ ಬೇಡ. 2015ರ ಸಮೀಕ್ಷಾ ಅಧ್ಯಯನವೊಂದರ ಪ್ರಕಾರ, ಬೆನ್ನುನೋವೇ ಇಲ್ಲದ 20 ವರ್ಷದವರಲ್ಲಿ ಶೇ 37, 80 ವರ್ಷದವರಲ್ಲಿ ಶೇ 96 ಮಂದಿಗೆ ಡಿಸ್ಕ್ ಸವೆತ ಕಾಣಿಸುತ್ತದೆ.

‘ಟ್ರಯಲ್’ ಎಂದು ಕರೆದರೆ ಸಿಟಿಆರ್‌ಐ (ಭಾರತದ ಚಿಕಿತ್ಸಾ ಪ್ರಯೋಗಗಳ ಸಾರ್ವಜನಿಕ ದಾಖಲೆ) ನೋಂದಣಿ ಸಂಖ್ಯೆ ಕೇಳಿ. 2009ರ ಜೂನ್ 15ರಿಂದ ಅದು ಕಡ್ಡಾಯ. ಸಿಟಿಆರ್‌ಐ ಜಾಲತಾಣದಲ್ಲಿ ಹುಡುಕಿ, ಹೋಲಿಕೆಯ ಗುಂಪು ಇದೆಯೇ, ಎಥಿಕ್ಸ್ ಸಮಿತಿ ಒಪ್ಪಿದೆಯೇ ನೋಡಿ. ನೋಂದಣಿಯಾದ ಮಾತ್ರಕ್ಕೆ ಚಿಕಿತ್ಸೆಗೆ ಮಾನ್ಯತೆ ಸಿಕ್ಕಂತಲ್ಲ. ಈ ಸಂಖ್ಯೆಯಿಲ್ಲದ ಟ್ರಯಲ್ ಜಾಹೀರಾತನ್ನು ಪತ್ರಿಕೆಗಳೂ ತಿರಸ್ಕರಿಸಲಿ.

– ಓದುಗ, ದಾವಣಗೆರೆ