‘ವಿ.ವಿ. ಪುರ’ ಎಂದರೆ ಯಾವ ಊರು?

ಮಾನ್ಯರೇ,

ಶನಿವಾರದ ‘ವಿ.ವಿ. ಪುರ: ಮನೆಗಳಿಗೆ ನುಗ್ಗಿದ ನೀರು’ ಸುದ್ದಿ ಓದಿ ಚಳ್ಳಕೆರೆಯಿಂದ ನಮ್ಮ ಅತ್ತಿಗೆ ಬೆಳಿಗ್ಗೆ ಆರೂವರೆಗೇ ಫೋನ್ ಮಾಡಿ ಅತ್ತರು. ನಮ್ಮೂರ ಡ್ಯಾಮಿಗೆ ಏನೋ ಆಗಿದೆ, ನಾವೆಲ್ಲ ಕೊಚ್ಚಿಹೋಗಿದ್ದೇವೆ ಅಂತ ಅವರ ಭಯ. ಸಂಜೆಯವರೆಗೂ ನೆಂಟರ ಫೋನ್ ನಿಲ್ಲಲಿಲ್ಲ. ನೀರು ನುಗ್ಗಿದ್ದು ಬೆಂಗಳೂರಿನ ವಿಶ್ವೇಶ್ವರಪುರದಲ್ಲಿ. ನಮ್ಮದು ಹಿರಿಯೂರಿನ ವಾಣಿವಿಲಾಸಪುರ. ಪೂರ್ತಿ ಹೆಸರು ಹಾಕಲು ಜಾಗ ಇರಲಿಲ್ವಾ?

ಅದೇ ವಾರ ಅವ್ವನ ಸ್ಕ್ಯಾನಿಂಗ್ ರಿಪೋರ್ಟ್ ಬೆಂಗಳೂರಿನಿಂದ ಕೊರಿಯರ್‌ನಲ್ಲಿ ಬರಬೇಕಿತ್ತು. ಪಿನ್‌ಕೋಡ್ ಸರಿಯಾಗಿಯೇ ಇತ್ತು. ‘ವಿ.ವಿ. ಪುರ’ ಅಂತ ನೋಡಿದವರು ಅದನ್ನು ಅಲ್ಲೇ ಎರಡು ದಿನ ಸುತ್ತಿಸಿ, ವಿಳಾಸ ಸಿಗಲಿಲ್ಲ ಎಂದು ವಾಪಸ್ ಕಳಿಸಿದರು. ಅಲ್ಲಿ ವಾಣಿವಿಲಾಸ ರಸ್ತೆ ಬೇರೆ ಹತ್ತಿರದಲ್ಲೇ ಇದೆ. ಡಾಕ್ಟರ್ ಕೊಟ್ಟ ದಿನ ತಪ್ಪಿತು. ಕಾರಿಗೆ ಕೊಟ್ಟ ಮುಂಗಡವೂ ಹೋಯಿತು. ಅವ್ವ ಇನ್ನೂ ನೋವು ತಿನ್ನುತ್ತಿದ್ದಾರೆ.

ವಾಣಿವಿಲಾಸ ಎಂಬ ಹೆಸರು ಬೆಂಗಳೂರಿನಲ್ಲಿ ಆಸ್ಪತ್ರೆಗೂ ಇದೆ. ಮೈಸೂರಿನಲ್ಲಿ ರಸ್ತೆಗೆ, ನೀರು ಸರಬರಾಜು ಕೇಂದ್ರಕ್ಕೂ ಇದೆ. ಇರಲಿ, ವಾಣಿವಿಲಾಸ ಎಂದರೆ ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿ, ಆ ತಾಯಿಗೆ ಅಷ್ಟು ಸಲ್ಲಬೇಕು. ಗಂಡ ತೀರಿಕೊಂಡಾಗ ಮಗನಿಗೆ ಹತ್ತೇ ವರ್ಷ. 1895ರಿಂದ 1902ರವರೆಗೆ ಕೆಂಪನಂಜಮ್ಮಣ್ಣಿಯವರೇ ರಾಜ್ಯ ನಡೆಸಿದರು. ಮಾರಿಕಣಿವೆಯಲ್ಲಿ ವೇದಾವತಿಗೆ ಅಣೆಕಟ್ಟೆ ಶುರುವಾದದ್ದು ಅವರ ಕಾಲದಲ್ಲೇ. 1907ರಲ್ಲಿ ಮುಗಿಯಿತು. ನಮ್ಮ ತೆಂಗು, ಅಡಿಕೆ ಉಳಿದಿರುವುದು ಆ ನೀರಿನಿಂದ. ದುರ್ಗದ ಜನರೂ ಅದನ್ನೇ ಕುಡಿಯುತ್ತಾರೆ. ಅಂಥವರ ಹೆಸರನ್ನು ಎರಡಕ್ಷರಕ್ಕೆ ಇಳಿಸಲು ಯಾರು ಹೇಳಿದರು? ನಿಮ್ಮ ಪತ್ರಿಕೆಯಲ್ಲಿ ವಿಶ್ವವಿದ್ಯಾಲಯವೂ ‘ವಿ.ವಿ.’, ನಮ್ಮೂರೂ ‘ವಿ.ವಿ.’. ಬಸ್ ಬೋರ್ಡ್, ಸರ್ಕಾರಿ ನೋಟಿಸು ಎಲ್ಲದರಲ್ಲೂ ಅದೇ.

ಅಧಿಕಾರಿಗಳಿಗೆ ಹೇಳಿ ಹೇಳಿ ಸಾಕಾಗಿದೆ. 1933ರ ನಂತರ 2022ರಲ್ಲಿ ಡ್ಯಾಂ ತುಂಬಿ ಕೋಡಿ ಬಿದ್ದಾಗ ಜಾತ್ರೆಯ ಹಾಗೆ ಜನ ಬಂದರು. ಸಾಹೇಬರೂ ಬಂದು ಫೋಟೊ ತೆಗೆಸಿಕೊಂಡರು. ಹೆಣ್ಣುಮಕ್ಕಳಿಗೆ ಶೌಚಾಲಯ ಕೇಳಿದೆವು, ಮಾಡಿಸುತ್ತೇವೆ ಅಂದರು. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು. ಮತ್ತೆ ಅದೇ ಫೋಟೊ, ಅದೇ ಮಾತು. ಬೀದಿ ದೀಪದ ಅರ್ಜಿ ಎಲ್ಲಿ ಬಿದ್ದಿದೆಯೋ ಗೊತ್ತಿಲ್ಲ.

ಊರಿನ ಹೆಸರು ಪೂರ್ತಿ ಬರೆಯಿರಿ. ಆಗದಿದ್ದರೆ ಮಾರಿಕಣಿವೆ ಅಂತಲೇ ಬರೆಯಿರಿ, ನಮ್ಮ ಹಿರಿಯರು ಈಗಲೂ ಹಾಗೇ ಕರೆಯುತ್ತಾರೆ. ರಸ್ತೆಯ ಗುಂಡಿಯನ್ನೂ ಮುಚ್ಚಿಸಿ. ಸಂಬಳ ತೆಗೆದುಕೊಳ್ಳುವವರಿಗೆ ಸ್ವಲ್ಪವಾದರೂ ನಾಚಿಕೆ ಬೇಡವಾ?

– ನೊಂದ ಓದುಗ, ವಾಣಿವಿಲಾಸಪುರ, ಹಿರಿಯೂರು ತಾಲ್ಲೂಕು