ಅವತ್ತು ಗಾಡಿ ನಿಲ್ಲಿಸಿದವರಿಗೆ

ಮೊನ್ನೆ ಡಾಕ್ಟರು ಎಕ್ಸ್‌ರೇ ನೋಡಿ, ಮೂಳೆ ಚೆನ್ನಾಗಿ ಕೂಡಿಕೊಂಡಿದೆ, ಇನ್ನು ಸ್ಟಿಕ್ ಬಿಟ್ಟು ನಡೀರಿ ಅಂದರು. ಫೋನ್ ಮಾಡಿ, ಮನೆಗೆ ಬಂದು, ಮೆಸೇಜ್ ಹಾಕಿ ವಿಚಾರಿಸುತ್ತಲೇ ಇದ್ದ ಎಲ್ಲರಿಗೂ ಒಟ್ಟಿಗೆ ಹೇಳಿಬಿಡೋಣ ಅಂತ ಬರೆಯುತ್ತಿದ್ದೇನೆ. ನಡೆಯುತ್ತಿದ್ದೇನೆ. ಸ್ವಲ್ಪ ಕುಂಟು ಇದೆ, ಮೆಟ್ಟಿಲು ಇಳಿಯುವಾಗ ಮಂಡಿ ಹಿಡಿದುಕೊಳ್ಳುತ್ತದೆ, ಚಳಿ ಬಿದ್ದರೆ ರಾಡ್ ಹಾಕಿರುವ ಜಾಗ ಜುಮ್ ಅನ್ನುತ್ತದೆ. ಅಷ್ಟು ಬಿಟ್ಟರೆ ಆರಾಮಾಗಿದ್ದೇನೆ.

ವಿಷಯ ಗೊತ್ತಿಲ್ಲದವರಿಗೆ ಚಿಕ್ಕದಾಗಿ. ತುಮಕೂರಿನಿಂದ ಡಾಬಸ್‌ಪೇಟೆ ಕಡೆ ಬೈಕಿನಲ್ಲಿ ಬರುತ್ತಿದ್ದೆ. ರಾತ್ರಿ ಒಂಬತ್ತರ ಹೊತ್ತು, ಸರ್ವಿಸ್ ರೋಡು. ರಾಂಗ್ ಸೈಡಲ್ಲಿ ಕಾರೊಂದು ನುಗ್ಗಿ ಬಂತು. ಬಲ ತೊಡೆಯ ಮೂಳೆ ಮುರಿಯಿತು, ಮಂಡಿ ಕೆಳಗೆ ಚರ್ಮ ಕಿತ್ತು ಬಂತು. ಕಾರಿನವನು ಡಾಬಾದಲ್ಲಿ ಕುಡಿದು ಹೊರಟಿದ್ದ. ಬಾಗಿಲು ತೆಗೆದು ಇಳಿಯೋಕೂ ಆಗದೆ ಸೀಟಿನಲ್ಲೇ ಕೂತಿದ್ದನಂತೆ. ಕಾನೂನಿನ ಪ್ರಕಾರ 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ಆಲ್ಕೋಹಾಲ್ ದಾಟಿದರೆ ಗಾಡಿ ಮುಟ್ಟುವಂತಿಲ್ಲ. ಅವನದು ಅದನ್ನು ಯಾವತ್ತೋ ದಾಟಿತ್ತು.

ನೋಡೋಕೆ ಬಂದವರದೆಲ್ಲ ಒಂದೇ ಮಾತು. ಗ್ರಹಚಾರ ಕಣಪ್ಪ, ದೇವರು ದೊಡ್ಡವನು, ಉಳಿಸಿದ. ದೇವರ ಮೇಲೆ ನನಗೇನೂ ತಕರಾರಿಲ್ಲ, ಅಮ್ಮ ಸಿದ್ಧಗಂಗೆಗೆ ಹೊತ್ತಿದ್ದ ಹರಕೆಯನ್ನೂ ತೀರಿಸಿ ಬಂದಿದ್ದೇವೆ. ಆದರೆ ಗ್ರಹಚಾರ ಅಂದುಬಿಟ್ಟರೆ ಕುಡಿದವನು ಆರಾಮಾಗಿ ತಪ್ಪಿಸಿಕೊಳ್ಳುತ್ತಾನೆ, ಅಲ್ವಾ? ಒಬ್ಬ ಕುಡಿದು ಗಾಡಿ ಓಡಿಸಿದ್ದಕ್ಕೆ ಬಿದ್ದೆ. ಇನ್ನು ಕೆಲವರು ತಮ್ಮ ಕೆಲಸ ಬಿಟ್ಟು ಇಳಿದು ಬಂದಿದ್ದಕ್ಕೆ ಬದುಕಿದೆ. ಅದಕ್ಕೇ ಈ ಥ್ಯಾಂಕ್ಸ್ ಮೊದಲು ಅವರಿಗೆ.

ಪಂಕ್ಚರ್ ಅಂಗಡಿಯ ಅಣ್ಣ ಟಾರ್ಚ್ ಹಿಡಿದು ಓಡಿ ಬಂದರು. ಆಗಲೇ ನಾಲ್ಕು ಜನ ಸೇರಿದ್ದರು, ಒಬ್ಬರು ಬಾಯಿಗೆ ನೀರು ಬಿಡೋಕೆ ಬಾಟಲಿ ತೆಗೆದಿದ್ದರು, ಇನ್ನೊಬ್ಬರು ಹೆಲ್ಮೆಟ್ ಎಳೆಯುತ್ತಿದ್ದರು. "ಏಯ್, ಹೆಲ್ಮೆಟ್ ಮುಟ್ಬೇಡ್ರೋ, ಕತ್ತು ಹೋಗ್ತದೆ!" ಅಂತ ಅವರು ಕೂಗಿದ್ದು ಇನ್ನೂ ಕಿವಿಯಲ್ಲಿದೆ. ಮಂಡಿಯೂರಿ ಕೂತು, ಗ್ರೀಸ್ ಮೆತ್ತಿದ ಎರಡೂ ಕೈಯಲ್ಲಿ ನನ್ನ ತಲೆಯನ್ನು ಅಲುಗಾಡದ ಹಾಗೆ ಹಿಡಿದುಕೊಂಡರು, 108 ಬರುವವರೆಗೂ ಬಿಡಲಿಲ್ಲ. ಲಗೇಜ್ ಆಟೋದ ಹುಡುಗ ತನ್ನ ಗಾಡಿಯನ್ನು ನಮ್ಮ ಹಿಂದೆ ಅಡ್ಡ ನಿಲ್ಲಿಸಿ ಇಂಡಿಕೇಟರ್ ಹಾಕಿ, ಕತ್ತಲಲ್ಲಿ ಬರುವ ಗಾಡಿಗಳನ್ನು ಕೈ ಬೀಸಿ ಪಕ್ಕಕ್ಕೆ ಕಳಿಸುತ್ತಿದ್ದನಂತೆ. ಸ್ಕೂಟರಿನಲ್ಲಿ ಬಂದ ಒಬ್ಬ ಹುಡುಗಿ ತನ್ನ ವೇಲನ್ನು ಮಡಚಿ ಗಾಯದ ಮೇಲೆ ಒತ್ತಿ ಹಿಡಿದಳು. "ಅಣ್ಣಾ, ಕಣ್ಣು ಮುಚ್ಬೇಡಿ, ಮನೇಲಿ ಯಾರ್‍ಯಾರಿದ್ದಾರೆ ಹೇಳಿ" ಅಂತ ಕೇಳುತ್ತಲೇ ಇದ್ದಳು. ನಾಯಿಯ ಹೆಸರೂ ಹೇಳಿದೆನಂತೆ.

ಮೊನ್ನೆ ಅಂಗಡಿಗೆ ಹೋಗಿ ಕೇಳಿದೆ, ಪೊಲೀಸ್ ಕೇಸು ಅಂತ ಭಯ ಆಗಲಿಲ್ವಾ ಅಣ್ಣ ಅಂತ. ಅವರು ಹರೀಶ್ ಹೆಸರು ತೆಗೆದರು. ನಿಮಗೂ ನೆನಪಿರಬಹುದು, 2016ರ ಫೆಬ್ರವರಿಯಲ್ಲಿ ಇದೇ ಹೆದ್ದಾರಿಯಲ್ಲಿ, ನೆಲಮಂಗಲದ ಹತ್ತಿರ ಲಾರಿಗೆ ಸಿಕ್ಕಿ, ಸಾಯುವ ಹೊತ್ತಲ್ಲೂ ನನ್ನ ಅಂಗಾಂಗ ದಾನ ಮಾಡಿ ಅಂದ ಗುಬ್ಬಿ ಕಡೆಯ ಹುಡುಗ. ಅಪಘಾತದವರಿಗೆ ಮೊದಲ 48 ಗಂಟೆ ಉಚಿತ ಚಿಕಿತ್ಸೆ ಕೊಡುವ ಯೋಜನೆಗೆ ಸರ್ಕಾರ ಆಮೇಲೆ ಅವರ ಹೆಸರನ್ನೇ ಇಟ್ಟಿತು. "ಅದನ್ನ ಟಿವೀಲಿ ನೋಡಿದ ಮೇಲೆ ಸುಮ್ನೆ ನೋಡ್ಕೊಂಡು ನಿಂತ್ಕೊಳ್ಳೋಕೆ ಆಗಲ್ಲ ಸಾರ್" ಅಂದರು, ಟ್ಯೂಬನ್ನು ನೀರಿಗೆ ಅದ್ದುತ್ತಾ.

ಆಸ್ಪತ್ರೆಯಲ್ಲಿ ರಕ್ತ ಬೇಕು ಅಂದಾಗ ತಮ್ಮನ ಗ್ರೂಪಿನ ಕಾಲೇಜು ಹುಡುಗರು ಮಧ್ಯರಾತ್ರಿಯೇ ಬಂದು ಸಾಲಾಗಿ ನಿಂತರು, ಒಬ್ಬನಿಗೆ ಬೆಳಗ್ಗೆ ಪರೀಕ್ಷೆ ಬೇರೆ. ಪಾಸಾಯ್ತೇನಪ್ಪಾ? ವಾರ್ಡಿನ ಆಯಾಗೆ ಏನು ಹೇಳಲಿ. ದೊಡ್ಡ ಮನುಷ್ಯನೊಬ್ಬ ಮಲಗಿದಲ್ಲೇ ಬೆಡ್‌ಪ್ಯಾನ್ ಕೇಳುವಾಗ ಆಗುವ ನಾಚಿಕೆಯನ್ನು ಒಂದು ದಿನವೂ ಅನುಭವಿಸೋಕೆ ಬಿಡಲಿಲ್ಲ ಆಕೆ. ಮಗಳ ಸ್ಕೂಲ್ ಫೀಸಿನ ಕಥೆ ಹೇಳುತ್ತಾ ಕೆಲಸ ಮುಗಿಸಿ ಹೋಗಿಬಿಡುತ್ತಿದ್ದರು.

ಫಿಸಿಯೋ ಮೇಡಂ ಬಗ್ಗೆ ಬರೆಯದಿದ್ದರೆ ಅವರು ಇನ್ನೂ ಹತ್ತು ಸಲ ಮಂಡಿ ಮಡಚಿಸುತ್ತಾರೆ. ಮುರಿದ ದಿನಕ್ಕಿಂತ ಮಡಚಿದ ದಿನಗಳೇ ಜಾಸ್ತಿ ನೋವು, ಇದು ಯಾರೂ ಮೊದಲೇ ಹೇಳುವುದಿಲ್ಲ. "ಲಾಸ್ಟ್, ಇದೊಂದೇ ಲಾಸ್ಟ್" ಅನ್ನುತ್ತಿದ್ದರು. ಯಾವುದೂ ಲಾಸ್ಟ್ ಆಗಿರಲಿಲ್ಲ. ಮೇಡಂ, ಈಗ ಚಕ್ಕಳಮಕ್ಕಳ ಹಾಕೋಕೆ ಸ್ವಲ್ಪವೇ ಬಾಕಿ.

ಪುತ್ತೂರು ಕಟ್ಟು ಕಟ್ಟಿಸು ಅಂತ ಹಠ ಹಿಡಿದ ದೊಡ್ಡಪ್ಪನಿಗೂ ಥ್ಯಾಂಕ್ಸ್. ಒಳಗೆ ರಾಡ್ ಇದೆ ದೊಡ್ಡಪ್ಪಾ, ಅದರ ಮೇಲೆ ಕಟ್ಟೋದು ಏನನ್ನ ಅಂದರೂ ಕೇಳಲಿಲ್ಲ. ಕೊನೆಗೆ ಕಾಲು ಸೂಪಿಗೆ ರಾಜಿಯಾದರು. ಪ್ರತಿ ಭಾನುವಾರ ಕ್ಯಾರಿಯರ್ ಬಂತು.

ಹೆಂಡತಿ ಸೈಟಿಗೆ ಅಂತ ಕಟ್ಟುತ್ತಿದ್ದ ಚೀಟಿ ಎತ್ತಿ ಆಪರೇಷನ್ನಿಗೆ ಕಟ್ಟಿದಳು. ಕೆಲಸಕ್ಕೆ ಹೋಗಿಬಂದು, ವೂಂಡ್ ಸರ್ಟಿಫಿಕೇಟ್, ಎಫ್‌ಐಆರ್ ಕಾಪಿ, ಪರಿಹಾರದ ಕೇಸಿನ ಕಾಗದ ಅಂತ ಸ್ಟೇಷನ್ನಿಗೂ ವಕೀಲರ ಆಫೀಸಿಗೂ ಓಡಾಡಿದಳು. ಇದಕ್ಕೆ ಥ್ಯಾಂಕ್ಸ್ ಅಂದರೆ ಬೈಯುತ್ತಾಳೆ, ಆದರೂ ಇಲ್ಲಿರಲಿ. ಮಗಳು ತನ್ನ ಸೈಕಲ್ಲಿನ ಬೆಲ್ ಬಿಚ್ಚಿ ನನ್ನ ವಾಕರಿಗೆ ಕಟ್ಟಿದ್ದಳು. ಅಡುಗೆಮನೆಗೆ ಹೋಗಬೇಕಾದರೂ ಬೆಲ್ ಹೊಡೆದೇ ಹೋಗಬೇಕಿತ್ತು.

ಕಾರಿನವನ ಜೊತೆ ರಾಜಿ ಆಯ್ತಾ ಅಂತ ಕೇಳುತ್ತಿದ್ದೀರಿ, ಅದಕ್ಕೂ ಉತ್ತರ ಹೇಳಿಬಿಡುತ್ತೇನೆ. ಕಾರಿನವನ ಕಡೆಯವರು ಹಣ್ಣು, ಹಾರ್ಲಿಕ್ಸ್ ಜೊತೆಗೆ ಒಂದು ಕವರ್ ತಂದು, ರಾಜಿ ಮಾಡ್ಕೊಳ್ಳಿ, ಹುಡುಗನ ಲೈಫ್ ಹಾಳಾಗುತ್ತೆ ಅಂದರು. ಹಣ್ಣನ್ನು ವಾರ್ಡಿನವರಿಗೆ ಹಂಚಿದೆವು, ಕವರ್ ವಾಪಸ್ ಕೊಟ್ಟೆವು. ಕುಡಿದು ಓಡಿಸಿದ್ದಕ್ಕೆ ಮೊದಲ ಸಲವಾದರೆ 10,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಗಾಯ ಮಾಡಿದ್ದಕ್ಕೆ ಬೇರೆ ಸೆಕ್ಷನ್ನುಗಳಿವೆ. ಆ ಹತ್ತು ಸಾವಿರದಲ್ಲಿ ನನ್ನ ರಾಡ್ ಕೂಡ ಬರುವುದಿಲ್ಲ. ಆದರೆ ಮನೆಯಲ್ಲಿ ಕೂತು ಮುಗಿಸುವ ಜಗಳ ಇದಲ್ಲ. ಕೇಸು ನಡೆಯಲಿ.

ಸಾಕ್ಷಿ ಹೇಳೋಕೆ ಪಂಕ್ಚರ್ ಅಂಗಡಿ ಅಣ್ಣ ತಾವಾಗೇ ಒಪ್ಪಿದ್ದಾರೆ. ಸಹಾಯಕ್ಕೆ ಬಂದವರನ್ನು ಹೆಸರು ಹೇಳಿ, ಸಾಕ್ಷಿಯಾಗಿ ಅಂತ ಪೊಲೀಸರು ಬಲವಂತ ಮಾಡುವಂತಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಸೆಕ್ಷನ್ ಇರುವುದೇ ಸಹಾಯ ಮಾಡಿದವರ ರಕ್ಷಣೆಗೆ, ನಮ್ಮ ರಾಜ್ಯದ್ದೇ ಕಾನೂನೂ ಇದೆ. ಇದನ್ನೆಲ್ಲ ಅವರಿಗೆ ಹೇಳಿದೆ. "ಗೊತ್ತು ಸಾರ್, ಆದ್ರೂ ಬರ್ತೀನಿ, ಅರ್ಧ ದಿನದ ವ್ಯಾಪಾರ ತಾನೇ" ಅಂದರು.

ಸ್ಕೂಟರಿನ ತಂಗಿ, ನೀವು ಆಂಬ್ಯುಲೆನ್ಸ್ ಬಾಗಿಲು ಹಾಕುವಷ್ಟರಲ್ಲಿ ಹೆಸರೂ ಹೇಳದೆ ಹೊರಟುಬಿಟ್ಟಿರಿ. ಇದು ನಿಮ್ಮ ಕಣ್ಣಿಗೆ ಬಿದ್ದರೆ ಒಂದು ಮೆಸೇಜ್ ಹಾಕಿ. ನಿಮ್ಮ ವೇಲು ಉಳಿಯಲಿಲ್ಲ, ಹೆಂಡತಿ ಹೊಸದೊಂದು ತೆಗೆದಿಟ್ಟಿದ್ದಾಳೆ. ಬಣ್ಣ ಹಿಡಿಸದಿದ್ದರೆ ಬದಲಾಯಿಸಬಹುದಂತೆ, ಬಿಲ್ ಇದೆ.