ಗುಡ್ಡದ ಶುಂಠಿ ಮಡಿ ಅಡ್ಡಕ್ಕೆ ಬರಲಿ

ಮಾನ್ಯ ಸಂಪಾದಕರೇ,

ಮುಂಗಾರು ಹಿಡಿಯೋಕೆ ಇನ್ನೇನು ಎರಡು ಮೂರು ವಾರ ಇದೆ ಅಷ್ಟೆ. ನಮ್ಮ ಹೊಸನಗರ, ಸಾಗರ, ತೀರ್ಥಹಳ್ಳಿ ಕಡೆ ಬಸ್ಸಲ್ಲಿ ಹೋಗ್ತಾ ನೋಡಿದ್ರೆ ಗುಡ್ಡದ ಮೇಲೆ ಹೊಸದಾಗಿ ಶುಂಠಿ ಮಡಿ ಹೊಡೆದ ಕೆಂಪು ನೆಲ ಕಾಣ್ಸುತ್ತೆ, ಹೆಚ್ಚಿನ ಕಡೆ ಮಡಿಗಳು ತುದಿಯಿಂದ ಬುಡದವರೆಗೂ ನೆಟ್ಟಗೆ ಇಳಿದಿರ್ತವೆ. ಅದನ್ನ ಕಂಡಾಗೆಲ್ಲ ನಂಗೆ ಕರುಳು ಚುರುಕ್ ಅನ್ನುತ್ತೆ, ಯಾಕಂದ್ರೆ ಇದೇ ತಪ್ಪು ಮಾಡಿ ಮಣ್ಣು ಕಳ್ಕೊಂಡವನು ನಾನು.

ನನ್ನದು ಒಂದೂಕಾಲು ಎಕರೆ ಇಳಿಜಾರು ಜಾಗ. 2019ರಲ್ಲಿ ಅಲ್ಲಿದ್ದ ಗಿಡಗಂಟಿ ಎಲ್ಲ ಕಿತ್ತು, ಉಳಿದ ಹುಲ್ಲಿಗೆ ಕಳೆನಾಶಕ ಹೊಡೆದು, ಮೇಲಿಂದ ಕೆಳಕ್ಕೆ ಮಡಿ ಮಾಡಿ ಶುಂಠಿ ಹಾಕಿದೆ. ನೀರು ನಿಂತ್ರೆ ಕೊಳೆ ರೋಗ ಬರುತ್ತೆ, ಬೇಗ ಬಸಿದು ಹೋಗ್ಲಿ ಅಂತ ಎಲ್ಲರೂ ಹಂಗೇ ಮಾಡ್ತಾರೆ, ನಾನೂ ಮಾಡಿದೆ. ಆ ವರ್ಷ ಆಗಸ್ಟ್ ಮೊದಲ ವಾರದ ಮಳೆ ಮಲೆನಾಡಿನವರಿಗೆ ಯಾರಿಗೂ ಮರೆತಿರಲ್ಲ. ಮೂರನೇ ದಿನ ಬೆಳಿಗ್ಗೆ ಕಂಬಳಿಕೊಪ್ಪೆ ಹಾಕ್ಕೊಂಡು ಹೋಗಿ ನೋಡ್ತೀನಿ, ಮಡಿ ನಡುವಿನ ಕಾಲುವೆ ಮೊಣಕಾಲುದ್ದ ಕೊರೆದು ಹೋಗಿದೆ, ಶುಂಠಿ ಬುಡ ಅಂಚಲ್ಲಿ ಬೇರು ಬಿಟ್ಕೊಂಡು ನೇತಾಡ್ತಿದೆ, ಕೆಳಗಿನ ಮನೆಯವರ ಅಡಿಕೆ ತೋಟದ ಬಸಿಗಪ್ಪು, ಅಂದ್ರೆ ನೀರು ಬಸಿಯೋ ಕಾಲುವೆ, ನಮ್ಮ ಮಣ್ಣಿಂದ ಮುಚ್ಚಿ ಹೋಗಿದೆ. ಅವರ ಹತ್ರ ಕ್ಷಮೆ ಕೇಳಿ ನಾಲ್ಕು ದಿನ ಆ ಮಣ್ಣು ಬುಟ್ಟಿಲಿ ವಾಪಸ್ ಹೊತ್ವಿ. ಆದ್ರೆ ಹೊತ್ತು ತಂದು ಸುರಿದ ಮೇಲೆ ಕೈಲಿ ಹಿಡಿದು ನೋಡಿದ್ರೆ ಅದು ಬರೀ ಮರಳು, ಜಲ್ಲಿ. ನುಣ್ಣಗಿನ ಮಣ್ಣು, ಗೊಬ್ಬರದ ಸಾರ ಎಲ್ಲ ಹಳ್ಳದ ನೀರಲ್ಲಿ ಕರಗಿ ಶರಾವತಿ ಹಿನ್ನೀರಿನ ಕಡೆ ಹೋಗಿ ಆಗಿತ್ತು. ಅದು ಬುಟ್ಟಿಗೆ ಸಿಗಲ್ಲ. ಒಂದು ಇಂಚು ಮೇಲ್ಮಣ್ಣು ತಯಾರಾಗೋಕೆ ನೂರಾರು ವರ್ಷ ಬೇಕಂತೆ, ನಂದು ಮೂರು ದಿನದಲ್ಲಿ ಹೋಯ್ತು. ಮುಂದಿನ ವರ್ಷ ಅದೇ ಜಾಗಕ್ಕೆ ಎಷ್ಟು ಗೊಬ್ಬರ ಸುರಿದ್ರೂ ಬೆಳೆ ಮೇಲೇಳಲಿಲ್ಲ.

ಆಮೇಲೆ ಮಡಿನ ಇಳಿಜಾರಿಗೆ ಅಡ್ಡ ತಿರುಗಿಸಿದೆ. ಇದಕ್ಕೆ ದೊಡ್ಡ ಇಂಜಿನಿಯರ್ ಬೇಕಿಲ್ಲ, ಗಾರೆ ಕೆಲಸದವರ ಹತ್ರ ಇರೋ ಲೆವೆಲ್ ಪೈಪ್ ಸಾಕು. ನೀರು ತುಂಬಿದ ಪೈಪನ್ನ ಎರಡು ಕಡೆ ಇಬ್ಬರು ಹಿಡಿದು ಮಟ್ಟ ನೋಡ್ಕೊಂಡು ಗೂಟ ಹೊಡೀತಾ ಹೋಗೋದು, ನೂರು ಅಡಿ ಉದ್ದಕ್ಕೆ ಅರ್ಧದಿಂದ ಒಂದು ಅಡಿಯಷ್ಟು ಮಾತ್ರ ಇಳುಕಲು ಕೊಡೋದು. ಹಂಗೆ ಮಾಡಿದ್ರೆ ನೀರು ನಿಲ್ಲೋದೂ ಇಲ್ಲ, ಓಡೋದೂ ಇಲ್ಲ. ಕಾಲುವೆ ಕೊನೆ ಮಾತ್ರ ಹುಲ್ಲು ಹಿಡಿದ ಜಾಗಕ್ಕೋ ಕಲ್ಲು ಹಾಸಿದ ಕಡೆಗೋ ಬಿಡ್ಬೇಕು, ಬೇರೆಯವರ ತೋಟದ ತಲೆ ಮೇಲೆ ಬಿಡಬಾರದು. ಜೊತೆಗೆ ಮುಚ್ಚಿಗೆ, ಅಂದ್ರೆ ಮಡಿ ಮೇಲೆ ಸೊಪ್ಪಿನ ಹೊದಿಕೆ. ಜೋರು ಮಳೆ ಹನಿ ಗಂಟೆಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಬಂದು ಬರಿ ನೆಲಕ್ಕೆ ಬಡಿಯುತ್ತೆ, ಮಣ್ಣು ಸಡಿಲ ಆಗೋದೇ ಅಲ್ಲಿ. ಸೊಪ್ಪು, ದರಕು (ಒಣಗಿದ ಎಲೆ) ಹಾಸಿದ್ರೆ ಪೆಟ್ಟು ಅದರ ಮೇಲೆ ಬೀಳುತ್ತೆ. ಶುಂಠಿಗೆ ನೆಟ್ಟಾಗ ಒಂದು ಸಲ, 40 ದಿನಕ್ಕೆ, 90 ದಿನಕ್ಕೆ ಅಂತ ಮೂರು ಸಲ ಸೊಪ್ಪು ಹಾಕಿ ಅಂತಾನೇ ಶಿಫಾರಸು ಇದೆ, ಕೂಲಿ ಉಳಿಸೋಕೆ ನಾವೇ ಅದನ್ನ ಬಿಟ್ವಿ. ಕಳೆನಾಶಕ ಕೂಡ ಗುಡ್ಡದ ಮೇಲೆ ಬೇಡವೇ ಬೇಡ, ವೀಡ್ ಕಟರಲ್ಲಿ ಹುಲ್ಲು ಸವರಿದ್ರೆ ಬೇರಾದ್ರೂ ಮಣ್ಣು ಹಿಡ್ಕೊಂಡಿರುತ್ತೆ.

ಇನ್ನೊಂದು ಮಾತು. "ಓಡುವ ನೀರನ್ನ ನಡೆಸಿ, ನಡೆಯೋ ನೀರನ್ನ ನಿಲ್ಲಿಸಿ, ನಿಂತ ನೀರನ್ನ ಇಂಗಿಸಿ" ಅಂತ ನಾವೆಲ್ಲ ಕೇಳಿದ್ದೀವಿ. ಬಯಲುಸೀಮೆಗೆ ಅದು ಬಂಗಾರದಂಥ ಮಾತು. ಆದ್ರೆ ಮಲೆನಾಡಿನ ಕಡಿದಾದ ಗುಡ್ಡದಲ್ಲಿ ನೀರನ್ನ ನಡೆಸೋದಷ್ಟೇ ಸಾಕು, ನಿಲ್ಲಿಸಿ ಇಂಗಿಸೋಕೆ ಹೋಗಬಾರದು ಅಂತ ನಂಗೆ ಅನ್ಸುತ್ತೆ. ಮೊದಲೇ ನೆನೆದು ಭಾರ ಆಗಿರೋ ಗುಡ್ಡದ ತಲೇಲಿ ಸಾಲು ಇಂಗುಗುಂಡಿ ತೋಡಿ, ಬುಡದಲ್ಲಿ ಮೆಷಿನ್ ತಂದು ಗುಡ್ಡದ ಧರೆ (ಅಂಚು) ನೆಟ್ಟಗೆ ಕಡಿದ್ರೆ ಅದು ಎಷ್ಟು ಹೊತ್ತು ತಡೆದೀತು? 2018ರಲ್ಲಿ ಕೊಡಗಲ್ಲಿ ಗುಡ್ಡ ಕುಸಿದು ಏನಾಯ್ತು ಅಂತ ನೋಡಿದ್ದೀವಲ್ಲ.

ಬದುವಿಗೆ ನಾನು ನಂಬಿರೋದು ಲಾವಂಚದ ಹುಲ್ಲು. ಗುಂಡ್ಲುಪೇಟೆ ಕಡೆ ರೈತರು ತಲೆತಲಾಂತರದಿಂದ ಜಮೀನಿನ ಗಡಿಗೆ ಇದನ್ನ ನೆಟ್ಕೊಂಡು ಬಂದಿದ್ದಾರೆ, 80ರ ದಶಕದಲ್ಲಿ ವಿಶ್ವಬ್ಯಾಂಕಿನ ಕೃಷಿ ತಜ್ಞರು ಲಾವಂಚದ ಬೇಲಿ ಬಗ್ಗೆ ದೇಶ ವಿದೇಶದಲ್ಲಿ ಪ್ರಚಾರ ಮಾಡಿದ್ರು. ಬೇರು ಹತ್ತು ಅಡಿ ತನಕ ನೇರ ಕೆಳಗಿಳಿಯುತ್ತೆ, ಅಕ್ಕಪಕ್ಕ ಹಬ್ಬಲ್ಲ. ಗುಡ್ಡ ಒಂದಾಳೆತ್ತರ ಇಳಿದಲ್ಲೆಲ್ಲ ಒಂದು ಸಾಲು, ಬುಡದಿಂದ ಬುಡಕ್ಕೆ ಗೇಣಿಗಿಂತ ಕಮ್ಮಿ ಅಂತರ. ಎರಡು ಮಳೆಗಾಲ ಕಳೆದ್ರೆ ಒತ್ತಾಗಿ ಬೆಳೆದು ಗೋಡೆ ಥರ ಆಗುತ್ತೆ. ನನ್ನ ಜಾಗದಲ್ಲಿ ಮೊದಲು ಹಾಕಿದ ಸಾಲಿನ ಹಿಂದೆ ಈಗ ಮಣ್ಣು ಕೂತು ಕೂತು ಮೊಳಕೈಯಷ್ಟು ಮೆಟ್ಟಿಲು ತಾನಾಗೇ ಆಗಿದೆ, ಮಳೆ ಬಿಟ್ಟ ಮೇಲೆ ಅಲ್ಲಿ ಎರೆಹುಳದ ಹಿಕ್ಕೆ ಕಾಣ್ಸುತ್ತೆ. ಒಂದೇ ಷರತ್ತು, ಸುಗಂಧದ ಬೇರಿನ ಆಸೆಗೆ ಆ ಸಾಲನ್ನ ಅಗೆಯಬಾರದು, ಅಗೆದ್ರೆ ಕಟ್ಟಿದ ಮಣ್ಣೆಲ್ಲ ಮತ್ತೆ ಸಡಿಲ ಆಗುತ್ತೆ.

ಕೃಷಿ, ತೋಟಗಾರಿಕೆ ಇಲಾಖೆಯವರಿಗೆ ನನ್ನ ಕಳಕಳಿಯ ಮನವಿ. ಸಸಿ, ಔಷಧಿ ಕೊಡೋ ಹಾಗೇ ನರ್ಸರಿಲಿ ಲಾವಂಚದ ಬುಡಾನೂ ಬೆಳೆಸಿ ಮೇ ತಿಂಗಳಲ್ಲೇ ಕೊಡಿ, ಪಂಚಾಯ್ತಿಗೊಂದು ದಿನ ಬಂದು ಲೆವೆಲ್ ಪೈಪ್ ಹಿಡಿದು ಮಡಿ ಹೆಂಗೆ ಹಾಕೋದು ಅಂತ ಜಾಗದಲ್ಲೇ ತೋರಿಸಿ. ಶುಂಠಿಗೆ ಜಮೀನು ಲೀಸಿಗೆ ಕೊಡೋ ಅಣ್ಣ ತಮ್ಮಂದಿರೂ ಅಷ್ಟೆ, ಮಡಿ ಅಡ್ಡ ಇರ್ಬೇಕು, ಮುಚ್ಚಿಗೆ ಹಾಕ್ಬೇಕು ಅಂತ ಕರಾರು ಪತ್ರದಲ್ಲೇ ಬರೆಸ್ಕೊಳಿ. ಲೀಸು ಮುಗಿದ ಮೇಲೆ ಆ ಗುಡ್ಡದಲ್ಲಿ ಬಾಳಬೇಕಾದವರು ನೀವು.

ನಮ್ಮನೇಲಿ ಈ ಸಲ ಒಡೆದು ಕೊಡೋವಷ್ಟು ಲಾವಂಚದ ಬುಡ ಇವೆ. ಊರಿನವರಿಗೆ ಹೇಳಿದ್ದೀನಿ, ಮೊದಲ ಮಳೆ ಬಿದ್ದ ಮಾರನೇ ದಿನ ಕತ್ತಿ ತಗೊಂಡು ಬರ್ತೀವಿ ಅಂದಿದ್ದಾರೆ.

ಇಂತಿ,
ಹೊಸನಗರ ತಾಲ್ಲೂಕಿನ ಒಬ್ಬ ಸಣ್ಣ ಹಿಡುವಳಿದಾರ